ಅಪ್ಪನ ಚಪ್ಪಲಿಗೆ ನನ್ನ ಬಿ.ಎಸ್ಸಿ. ತಗುಲಿದ್ದು

ನನ್ನ ಹೆಸರು ನಿಂಗಮ್ಮ, ಬಿ.ಎಸ್ಸಿ., ಬಿ.ಎಡ್. ಹೆಸರು ಕೇಳಿದವರಿಗೆ ಡಿಗ್ರಿಯನ್ನೂ ಸೇರಿಸಿ ಹೇಳುವುದು ನನ್ನ ರೂಢಿ. ಗ್ಯಾಸ್ ಸಿಲಿಂಡರಿನ ಪುಸ್ತಕದ ಮೇಲೆ ಹಾಗೇ ಬರೆದಿದ್ದೇನೆ. ಗಿರಣಿಯಲ್ಲಿ ಅದಲುಬದಲಾಗದಿರಲೆಂದು ಜೋಳದ ಡಬ್ಬಿಯ ಮುಚ್ಚಳದ ಮೇಲೂ ಹಾಗೇ ಬರೆದಿದ್ದೇನೆ. ಗಿರಣಿಯವನು "ಬಿ.ಎಸ್ಸಿ. ಹಿಟ್ಟು ಆಗ್ಯಾದ, ಒಯ್ರಿ" ಎಂದು ಇಡೀ ಓಣಿಗೆ ಕೇಳುವಂತೆ ಕೂಗುತ್ತಾನೆ. ನನಗೇನೂ ಬೇಸರವಿಲ್ಲ. ನಮ್ಮ ಮನೆತನದಲ್ಲಿ ನನಗಿಂತ ಹಿಂದಿನವರೆಲ್ಲ ಹೆಬ್ಬೆಟ್ಟು ಒತ್ತಿದವರು. ಮೊದಲ ಬಾರಿಗೆ ನಾನು ಸಹಿ ಮಾಡಿದೆ, ಅದೂ ರಸಾಯನಶಾಸ್ತ್ರ ಓದಿ. ಅಂಥ ಡಿಗ್ರಿಯನ್ನು ಪೆಟ್ಟಿಗೆಯಲ್ಲಿಟ್ಟು ನುಸಿ ಗುಳಿಗೆ ಹಾಕಬೇಕೇ?

ನಮ್ಮಪ್ಪ ಸುರಪುರದಲ್ಲಿ ಚಪ್ಪಲಿ ಹೊಲಿಯುವವನು. ನಾನು ಆರು ವರ್ಷದವಳಿದ್ದಾಗ ಒಂದು ದಿನ ಅವನಿಲ್ಲದ ಹೊತ್ತಿನಲ್ಲಿ ಅವನ ಗೋಣಿತಟ್ಟಿನ ಮೇಲೆ ಕುಳಿತು ಕೆಲಸಕ್ಕೆ ಸಹಾಯ ಮಾಡಿದೆನಂತೆ. ಅಪ್ಪ ಬಂದು ನೋಡಿದ. ಮರುದಿನ ಬೆಳಿಗ್ಗೆ ನನ್ನ ಮುಖ ತೊಳೆಸಿ, ಜಡೆ ಹಾಕಿಸಿ, ಕೈ ಹಿಡಿದು ಶಾಲೆಗೆ ಕರೆದೊಯ್ದ. ಅಂದಿನಿಂದ ಚರ್ಮ ಕೊಯ್ಯುವ ರಂಪಿಗೆಯನ್ನಾಗಲಿ, ಉಳಿಯನ್ನಾಗಲಿ ನನಗೆ ಮುಟ್ಟಗೊಡಲಿಲ್ಲ. "ನೀ ಪೆನ್ನು ಹಿಡಿ" ಎನ್ನುತ್ತಿದ್ದ, ಅಷ್ಟೆ. ಹೆಣ್ಣುಮಗಳನ್ನು ಯಾಕಿಷ್ಟು ಓದಿಸುತ್ತೀಯೆಂದು ಓಣಿಯವರು ವರ್ಷಗಟ್ಟಲೆ ಕೇಳಿದರು. ಅಪ್ಪ ನಕ್ಕು ಸುಮ್ಮನಾಗುತ್ತಿದ್ದ.

ಉತ್ತರವನ್ನು ನಾನೇ ಕಂಡುಕೊಂಡಿದ್ದೆ. ಆ ದಿನ ಅಪ್ಪ ನನ್ನ ಕಣ್ಣಲ್ಲಿ ಬುದ್ಧಿಯ ಬೆಳಕು ಕಂಡಿದ್ದ. ಸ್ವಾತಂತ್ರ್ಯ ದಿನದ ಭಾಷಣಗಳಲ್ಲಿ ಈ ಕಥೆಯನ್ನು ನಾನು ಪ್ರತಿವರ್ಷ ಹೇಳುತ್ತಿದ್ದೆ. "ಬೆಳಕು" ಎಂಬಲ್ಲಿ ಸ್ವಲ್ಪ ನಿಲ್ಲುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.

ಭಾಷಣದಲ್ಲಿ ಹೇಳದ ಇನ್ನೊಂದು ಮಾತಿದೆ. ಯಾದಗಿರಿಗೆ ಕಾಲೇಜಿಗೆ ಹೊರಟಾಗ ಅಪ್ಪ ನನಗೆ ತಾನು ಮಾಡಿದ ಚಪ್ಪಲಿ ಕೊಡಲಿಲ್ಲ. ಅಂಗಡಿಯಿಂದ ಕಂಪನಿಯ ಸ್ಯಾಂಡಲ್ ತಂದುಕೊಟ್ಟ. ನನ್ನ ಕಾಲು ನೋಡಿ ನಾನು ಯಾರ ಮಗಳೆಂದು ಯಾರೂ ಹೇಳಬಾರದು, ಅದು ಅವನ ಲೆಕ್ಕ. ನಾನೂ ಕಡಿಮೆಯವಳಲ್ಲ. ಗೆಳತಿಯರು ಕೇಳಿದರೆ "ನಮ್ಮಪ್ಪ ವ್ಯಾಪಾರ ಮಾಡ್ತಾನ" ಎನ್ನುತ್ತಿದ್ದೆ. ಮೂರು ವರ್ಷ ಹಾಗೇ ಹೇಳಿದೆ.

ಈಗ ಶಹಾಪುರದ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿ. ಮೊನ್ನೆ ನನಗೆ ಮುಖ್ಯ ಶಿಕ್ಷಕಿಯ ಚಾರ್ಜ್ ಬಂತು. ಸೋಮವಾರ ಆ ಕುರ್ಚಿಯಲ್ಲಿ ಕೂಡಬೇಕಿತ್ತು. ವಿಷಯ ಮೊದಲೇ ತಿಳಿದಿತ್ತಾದ್ದರಿಂದ ಎರಡು ತಿಂಗಳ ಹಿಂದೆಯೇ ಸುರಪುರಕ್ಕೆ ಹೋಗಿ ಅಪ್ಪನ ಮುಂದೆ ಕುಳಿತಿದ್ದೆ.

"ಅಪ್ಪ, ಆ ದಿನ ನಿನ್ನ ಕೈಯಾಗಿನ ಚಪ್ಪಲಿ ಹಾಕ್ಕೊಂಡು ಹೋಗ್ತೀನಿ. ಮಾಡಿಕೊಡು."

ಅಪ್ಪ ನನ್ನ ಪಾದವನ್ನು ಬಹಳ ಹೊತ್ತು ನೋಡಿದ. "ಕಣ್ಣಿಗಿ ಪೊರಿ ಬಂದದ ಯವ್ವಾ. ಇದ ಕಡೀ ಜೋಡು ಆಗ್ತದ" ಎಂದ. ಆಮೇಲೆ ಹಳೆಯ ಕ್ಯಾಲೆಂಡರ್ ಹಾಳೆಯ ಮೇಲೆ ನನ್ನ ಕಾಲಿಟ್ಟು ಅಳತೆ ಗೀಚಿಕೊಂಡ.

ಅರ್ಧಂಬರ್ಧ ಕಣ್ಣಿನಲ್ಲೇ ಹೊಲಿದ. ಹುರಿಗಡಲೆಯ ಬಣ್ಣದ ಚರ್ಮ, ಅಗಲ ಪಟ್ಟಿ, ಪಟ್ಟಿಯ ಮೇಲೆ ಬಿಳಿ ದಾರದಲ್ಲಿ ಒಂದು ಜೋಳದ ತೆನೆ. ಕಾಳು ಎಣಿಸಬಹುದು, ಅಷ್ಟು ಚೊಕ್ಕ. ಕೆಳಗೆ ರಬ್ಬರಿನ ಅಟ್ಟೆ ಅಂಟಿಸುವುದೊಂದು ಬಾಕಿಯಿರುವಾಗ ಕಣ್ಣಿನ ಆಪರೇಶನ್ನಿನ ದಿನ ಬಂತು. ಡಾಕ್ಟರು ಹತ್ತು ದಿನ ಬಗ್ಗಬಾರದು, ಘಾಟು ಕುಡಿಯಬಾರದು ಎಂದರು. ಅಪ್ಪ ಚಪ್ಪಲಿ, ಅಟ್ಟೆ, ಅಂಟಿನ ಡಬ್ಬಿ ಎಲ್ಲವನ್ನೂ ಚೀಲದಲ್ಲಿ ಹಾಕಿ ಕಳಿಸಿ ಫೋನು ಮಾಡಿದ.

"ರವಿವಾರ ಬರ್ತೀನಿ. ನಾನ ಅಂಟಸ್ತೀನಿ. ನೀ ಮುಟ್ಟಬ್ಯಾಡ."

ಆ ಕೊನೆಯ ಮಾತನ್ನು ನಾನು ತಂದೆಯ ಪ್ರೀತಿಯೆಂದು ತಿಳಿದೆ. ಎಚ್ಚರಿಕೆಯೆಂದು ತಿಳಿಯಲಿಲ್ಲ.

ಶನಿವಾರ ಶಾಲೆ ಬೇಗ ಬಿಡುತ್ತದೆ. ಊಟ ಮುಗಿಸಿ ಪಡಸಾಲೆಯಲ್ಲಿ ಹಳೆಯ ಪೇಪರು ಹಾಸಿ, ಚಪ್ಪಲಿ, ಅಟ್ಟೆ, ಬ್ರಶ್ಶು, ಡಬ್ಬಿಗಳನ್ನು ಪ್ರಯೋಗಾಲಯದ ಶಿಸ್ತಿನಲ್ಲಿ ಸಾಲಾಗಿ ಜೋಡಿಸಿದೆ. ನನ್ನ ಗಂಡ ಸಾಬಣ್ಣ ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ಕಾಲುವೆಗಳ ನಕ್ಷೆ ನೋಡಿಕೊಳ್ಳುವವರು. ಕಟ್ಟೆಗೆ ಒರಗಿ ಚಹಾ ಕುಡಿಯುತ್ತಿದ್ದರು.

"ಏನ್ ನಡಸೀದಿ?"

"ಅಟ್ಟಿ ಅಂಟಸಾಕತ್ತೇನಿ."

"ಮುಟ್ಟಬ್ಯಾಡ ಅಂದಾನಲ್ಲ ಮಾವ."

"ಕಣ್ಣು ಆಪರೇಶನ್ ಆದವ ಬಂದು ಈ ಘಾಟು ಕುಡಿಬೇಕೇನ್ರಿ? ಅವ ಬರೋದ್ರಾಗ ಮುಗಿಸಿ ಇಡ್ತೀನಿ. ಇದೇನು ದೊಡ್ಡ ವಿದ್ಯಾ ಅಲ್ಲ. ಎರಡೂ ಕಡಿ ಹಚ್ಚೋದು, ಒತ್ತೋದು."

"ಹಂಗಾದ್ರ ಮಾವ ಐವತ್ತು ವರ್ಷ ಏನ್ ಕಲ್ತ?"

ಡಬ್ಬಿ ಕೈಗೆತ್ತಿಕೊಂಡೆ.

ಈ ರಬ್ಬರು ಅಂಟಿಗೆ ನಮ್ಮ ಕಡೆ ಸಲ್ಯೂಷನ್ ಎನ್ನುತ್ತಾರೆ. ಅದರ ಮುಚ್ಚಳ ಡಬ್ಬಿಗೆ ಅಂಟಿಕೊಂಡಿತ್ತು. ಅಂಟು ಚೆನ್ನಾಗಿದೆ ಎಂಬುದಕ್ಕೆ ಅದು ಮೊದಲ ಪುರಾವೆ. ಚಮಚದ ತುದಿ ಸಿಕ್ಕಿಸಿ ಮೀಟಿದೆ. ಬರಲಿಲ್ಲ. ಮೊಣಕಾಲ ನಡುವೆ ಡಬ್ಬಿ ಹಿಡಿದು ಇನ್ನೊಮ್ಮೆ ಮೀಟಿದೆ. ಟಪ್ಪೆಂದು ಬಂತು. ಮುಚ್ಚಳ ಒಂದು ಕಡೆ, ಚಮಚ ಒಂದು ಕಡೆ, ಮೂರು ಹನಿ ಸಲ್ಯೂಷನ್ ಮಾತ್ರ ನೆಟ್ಟಗೆ ಬಲಗಾಲಿನ ಚಪ್ಪಲಿಯ ಮೇಲೆ. ಅಷ್ಟು ದೊಡ್ಡ ಪಡಸಾಲೆಯಲ್ಲಿ ಅದಕ್ಕೆ ಬೀಳಲು ಸಿಕ್ಕ ಜಾಗ ಅಪ್ಪನ ಜೋಳದ ತೆನೆ.

ಗಾಬರಿಯಲ್ಲಿ ಸೆರಗಿನ ತುದಿಯಿಂದ ಒರೆಸಿದೆ. ಕಾಳಿನಷ್ಟಿದ್ದ ಹನಿ ರೊಟ್ಟಿಯಷ್ಟಾಯಿತು. ಸೆರಗು ಬೇರೆ ಅಂಟಿಕೊಂಡು, ಅದನ್ನು ಕೀಳುವಾಗ ಎಳೆಗಳು ಅಲ್ಲೇ ಉಳಿದವು. ತೆನೆಗೆ ಕೂದಲು ಬಂತು.

"ಹಂಗ ಬಿಡು. ಮಾವಗ ಫೋನ್ ಹಚ್ಚು" ಎಂದರು ಸಾಬಣ್ಣ.

"ನೀವ್ ಸುಮ್ಮಿರ್ರಿ. ಇದು ಕೆಮಿಸ್ಟ್ರಿ ವಿಷಯ."

ಯಾವ ವಸ್ತು ಯಾವುದರಲ್ಲಿ ಕರಗುತ್ತದೆ ಎಂಬ ಪಾಠವನ್ನು ನಾನು ಪ್ರತಿವರ್ಷ ಹೇಳುವವಳು. ಉಗುರಿನ ಬಣ್ಣ ತೆಗೆಯುವ ಔಷಧದಲ್ಲಿ ಅಸಿಟೋನ್ ಇರುತ್ತದೆ. ಅದು ಎಂಥೆಂಥ ಅಂಟನ್ನೋ ಕರಗಿಸುತ್ತದೆ. ಪಕ್ಕದ ಮನೆಯ ರಜಿಯಾ ಆಪಾ ಹೆಂಗಸರ ಜಾಕೀಟು ಹೊಲಿಯುತ್ತಾರೆ, ಮದುವೆ ಹೆಣ್ಣುಮಕ್ಕಳಿಗೆ ಮೆಹಂದಿ ಹಾಕುತ್ತಾರೆ. ಅವರ ಬಳಿ ಇದ್ದೇ ಇರುತ್ತದೆಂದು ಓಡಿದೆ. ಆಪಾ ಶೀಶೆ ಕೊಟ್ಟರು, ಆದರೆ ಕೈ ಬಿಡಲಿಲ್ಲ.

"ಟೀಚರ್, ಚಮಡಿ ಮ್ಯಾಲ ಹಾಕ್ತೀರೇನು? ನಮ್ಮ ಮನ್ಯಾಗ ಒಮ್ಮಿ ಪರ್ಸ್ ಮ್ಯಾಲ..."

"ಆಪಾ, ಇದರಾಗ ಮಾಲಿಕ್ಯೂಲ್ ಹೆಂಗ ಕೆಲಸ ಮಾಡ್ತಾವ ಅಂತ ನನಗ ಗೊತ್ತದ."

ಆಪಾ ಶೀಶೆ ಬಿಟ್ಟರು.

ಹತ್ತಿಯಲ್ಲಿ ಅದ್ದಿ ಉಜ್ಜಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಅಂಟು ಬರುತ್ತಿದೆಯೆಂದು ಹಿಗ್ಗಿ ಇನ್ನಷ್ಟು ಉಜ್ಜಿದೆ. ಬರುತ್ತಿದ್ದುದು ಅಂಟಲ್ಲ, ಚರ್ಮದ ಬಣ್ಣ. ಅಂಟು ಸ್ವಲ್ಪ ಪಕ್ಕಕ್ಕೆ ಸರಿದು ಕುಳಿತು ನೋಡುತ್ತಿತ್ತು. ಐದು ನಿಮಿಷದಲ್ಲಿ ತೆನೆಯ ಸುತ್ತ ಸುಣ್ಣ ಬಳಿದಂತೆ ಬಿಳಿ ಮಚ್ಚೆ ಎದ್ದಿತು. ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಆಪಾ ನಿಟ್ಟುಸಿರು ಬಿಟ್ಟರು.

"ನಮ್ಮ ಪರ್ಸೂ ಹಿಂಗ ಆಗಿತ್ತು. ಹೇಳಬೇಕಂತಿದ್ದೆ. ನೀವು ಮಾಲಿಕ್ಯೂಲ್ ಅಂದ್ರಿ, ಗಾಬರಿ ಆಗಿ ಸುಮ್ನಾದೆ."

ಇಲ್ಲಿಗೆ ನಿಲ್ಲಿಸಬೇಕಿತ್ತು. ಓದದವರಾಗಿದ್ದರೆ ನಿಲ್ಲಿಸುತ್ತಿದ್ದರು. ನನಗೆ ಮುಂದಿನ ಸಿದ್ಧಾಂತ ಹೊಳೆಯಿತು: ಚರ್ಮದ ಜಿಡ್ಡು ಹೋಗಿದೆ, ಆದ್ದರಿಂದ ಜಿಡ್ಡು ಕೊಡಬೇಕು. ಅಡುಗೆಮನೆಯಿಂದ ಶೇಂಗಾ ಎಣ್ಣೆ ತಂದು ಹಚ್ಚಿದೆ. ಬಿಳಿ ಮಚ್ಚೆ ಬಿಳಿಯಾಗಿಯೇ ಉಳಿದು, ಅದರ ಸುತ್ತ ಕಪ್ಪು ಹರಡಿತು. ಸಾಬಣ್ಣ ಚಪ್ಪಲಿಯನ್ನು ದೂರ ಹಿಡಿದು, ಕಚೇರಿಯ ಗಾಂಭೀರ್ಯದಿಂದ ಪರಿಶೀಲಿಸಿದರು.

"ಈ ಕಪ್ಪಂದು ನೀರು ಬಂದ ಹೊಲ. ಈ ಬಿಳೀದು ನೀರು ಬರದ ಹೊಲ. ನಡುವ ಅಂಟು ಹರದದಲ್ಲ, ಅದು ಮುಖ್ಯ ಕಾಲವಿ. ನಮ್ಮ ಆಫೀಸಿನ ನಕ್ಷೆ ಇಷ್ಟು ಸ್ಪಷ್ಟ ಇಲ್ಲ ನೋಡು."

ನನಗೆ ನಗು ಬರಲಿಲ್ಲ. ಒಂದು ಚಪ್ಪಲಿ ಕಪ್ಪು, ಒಂದು ಹುರಿಗಡಲೆ. ಇವನ್ನು ಹಾಕಿಕೊಂಡು ಹೋದರೆ ನೋಡಿದವರು ಏನೆಂದಾರು? ಇಪ್ಪತ್ತು ವರ್ಷ ಮಕ್ಕಳಿಗೆ ಸಮವಸ್ತ್ರದ ಮಹತ್ವ ಬೋಧಿಸಿದ ತಲೆ ಚುರುಕಾಗಿ ಕೆಲಸ ಮಾಡಿತು. ಒಂದು ಹಾಳಾಗಿದೆ, ಇನ್ನೊಂದು ಚೆನ್ನಾಗಿದೆ. ಎರಡೂ ಒಂದೇ ಥರ ಕಾಣಬೇಕಾದರೆ?

ಎಡಗಾಲಿನದಕ್ಕೂ ಎಣ್ಣೆ ಹಚ್ಚಿದೆ.

ಸಾಬಣ್ಣ ಚಹಾದ ಕಪ್ಪು ಕೆಳಗಿಟ್ಟು ಒಳಗೆ ಹೋದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯ ಮಾತಿಲ್ಲದೆ ಎದ್ದು ಹೋದದ್ದು ಅದೇ ಮೊದಲು.

ಇನ್ನು ಉಳಿದದ್ದು ಅಟ್ಟೆ. ಎಣ್ಣೆ ಮೆತ್ತಿದ ಕೈಯಲ್ಲೇ ಸಲ್ಯೂಷನ್ ಬಳಿದು, ಕೂಡಲೇ ಒತ್ತಿ, ಪೇಪರಿನ ಮೇಲಿಟ್ಟು, ಮೇಲೆ ಜೋಳದ ಚೀಲ ಹೇರಿದೆ. ಸಂಜೆ ಚೀಲ ಎತ್ತಿ ನೋಡಿದರೆ ಅಟ್ಟೆ ಚಪ್ಪಲಿಗೆ ಅಂಟಿರಲಿಲ್ಲ. ಪೇಪರಿಗೆ ಅಂಟಿತ್ತು. ಚಪ್ಪಲಿ, ಅಟ್ಟೆ ಎಲ್ಲವನ್ನೂ ಹಳೆಯ ಟವೆಲಿನಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿ, ಅದರ ಮುಂದೆ ನೀರಿನ ಕೊಡ ಇಟ್ಟೆ.

ರವಿವಾರ ಬೆಳಿಗ್ಗೆ ಸುರಪುರದ ಮೊದಲ ಬಸ್ಸಿಗೇ ಅಪ್ಪ ಬಂದ. ಆಪರೇಶನ್ನಿನ ಕಪ್ಪು ಕನ್ನಡಕ, ಹೆಗಲ ಮೇಲೆ ಟವೆಲು, ಕೈಯಲ್ಲಿ ಕಣ್ಣಿಗೆ ಹಾಕುವ ಔಷಧದ ಚೀಲ. ಹೊಸ್ತಿಲಲ್ಲೇ ನಿಂತು ಮೂಗು ಎತ್ತಿದ.

"ಸಲ್ಯೂಷನ್ ತೆಗದೀರಿ."

"ಡಬ್ಬಿ ಸೋರಿರಬೇಕಪ್ಪ" ಎಂದೆ. ಸಾಬಣ್ಣ ಸೂರು ನೋಡಿದರು.

ಅಪ್ಪ ಬಂದು ಬೇರೆಲ್ಲೂ ಕೂಡಲಿಲ್ಲ, ಅದೇ ಮಂಚದ ಮೇಲೆ ಕುಳಿತ. ಕಾಲು ಹಿಂದಕ್ಕೆ ತೆಗೆದುಕೊಂಡಾಗ ಹಿಮ್ಮಡಿ ಟವೆಲಿನ ಗಂಟಿಗೆ ತಾಗಿತು. ಬಗ್ಗಬಾರದೆಂದು ಡಾಕ್ಟರು ಹೇಳಿದ್ದರಲ್ಲ, ಕಾಲಿನಿಂದಲೇ ಈಚೆ ಎಳೆದ. "ಎತ್ತಿ ಕೊಡು" ಎಂದ. ಎತ್ತಿಕೊಟ್ಟೆ.

ಅಪ್ಪ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳು ಆಡಿಸತೊಡಗಿದ. ಕಣ್ಣು ಬಾಗಿಲ ಕಡೆಗಿತ್ತು. ಬೆರಳೇ ನೋಡುತ್ತಿತ್ತು.

"ಇಲ್ಲಿ ಸಲ್ಯೂಷನ್ ಬಿದ್ದದ. ಹಸಿ ಇದ್ದಾಗ ಒರಸೀದಿ."

"ಹೌದಪ್ಪ."

"ಇಲ್ಲಿ ಚರ್ಮ ಹಪ್ಪಳ ಆಗ್ಯಾದ. ಏನ್ ಹಾಕೀದಿ?"

"ಉಗುರಿನ ಬಣ್ಣ ತೆಗಿಯೋ ಔಷಧ."

"ಚಪ್ಪಲಿಗಿ ಉಗುರು ಎಲ್ಲಿದ್ದುವು?" ಎಂದು ಮೂಗಿನ ಬಳಿ ಹಿಡಿದ. "ಆಮ್ಯಾಲ ಶೇಂಗಾ ಎಣ್ಣಿ. ಸಾಸಿವಿ ಜೀರಗಿ ಹಾಕಿಲ್ಲ?"

"ಇಲ್ಲಪ್ಪ."

"ಪುಣ್ಯಾ."

ನನ್ನ ಪ್ರಯೋಗದ ಇಡೀ ವರದಿಯನ್ನು ಅಕ್ಷರ ಬಾರದ ಮನುಷ್ಯ ಓದಿ ಮುಗಿಸಿದ್ದ. ಆಮೇಲೆ ಎಡಗಾಲಿನದನ್ನು ಕೈಗೆತ್ತಿಕೊಂಡ. ಬೆರಳು ಹಿಂದೆ ಮುಂದೆ ಓಡಾಡಿ ನಿಂತಿತು.

"ಇದರ ಮ್ಯಾಲ ಏನ್ ಬಿದ್ದಿತ್ತು?"

"ಏನೂ ಬಿದ್ದಿರಲಿಲ್ಲ."

"ಮತ್ತ ಎಣ್ಣಿ?"

"ಎರಡೂ ಒಂದ ಥರ ಕಾಣ್ಲಿ ಅಂತ..."

ಅಪ್ಪ ಅಟ್ಟೆಯನ್ನು ಅಳಿಯನ ಕಡೆ ಚಾಚಿದ. "ಸಾಬಣ್ಣ, ಇದಕ್ಕ ಹತ್ತಿದ ಪೇಪರಿನ್ಯಾಗ ಏನ್ ಬರದಾರ?"

"'ಮನೆ ಬಾಡಿಗೆಗೆ ಇದೆ' ಅಂತದ ಮಾವ."

ಮೊದಲು ಅಪ್ಪನ ಹೊಟ್ಟೆ ಅಲುಗಿತು. ಆಮೇಲೆ ಹೆಗಲು. ಆಪರೇಶನ್ ಆದವ ಜೋರಾಗಿ ನಗಬಾರದೆಂದು ಬಾಯಿಗೆ ಟವೆಲು ಒತ್ತಿಕೊಂಡು ನಕ್ಕ. ಸಾಬಣ್ಣ ಒಂದು ದಿನದಿಂದ ತಡೆದಿಟ್ಟಿದ್ದನ್ನು ಬಿಟ್ಟರು. ಗೋಡೆಯಾಚೆಯಿಂದ ರಜಿಯಾ ಆಪಾನೂ ನಕ್ಕದ್ದು ಕೇಳಿಸಿತು. ನಗಲಾರದೆ ನಿಂತವಳು ನಾನೊಬ್ಬಳೇ. ಅದು ಅಪ್ಪನ ಕೊನೆಯ ಜೋಡು. ಪೊರೆ ಬಂದ ಕಣ್ಣಿನಲ್ಲಿ ಒಂದೊಂದೇ ಕಾಳು ಹೊಲಿದಿದ್ದ. ಜೀವಮಾನದಲ್ಲಿ ಒಮ್ಮೆ ನನ್ನ ಕಾಲು ನೋಡಿ ಇವಳು ಇಂಥವನ ಮಗಳೆಂದು ಜನ ಹೇಳಲಿ ಎಂದು ನಾನೇ ಬೇಡಿ ಮಾಡಿಸಿಕೊಂಡದ್ದು. ನಾನೇ ಹಾಳು ಮಾಡಿದ್ದೆ.

"ಆಪರೇಶನ್ ಆಗಿದ್ದು ನನ್ನ ಕಣ್ಣಿಗಿ. ನೀರು ನಿನಗ್ಯಾಕ ಬರಾಕತ್ತಾವ?" ಎಂದ ಅಪ್ಪ. "ಕೂಡು. ಘಾಟು ಅಂತ ನಾ ಇಲ್ಲೇ ಬಾಗಲಾಗ ಗಾಳಿಗಿ ಕೂಡ್ತೀನಿ. ಹೇಳ್ತೀನಿ, ನೀ ಮಾಡು. ಚಾಕ್‌ಪೀಸ್ ಅದಾವೇನು?"

"ಯಾಕ?"

"ಪುಡಿ ಮಾಡಿ ಎಣ್ಣಿ ಮ್ಯಾಲ ಸುರುವು. ಅದು ಕುಡೀತದ."

ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಯಾವತ್ತೂ ಆರು ಚಾಕ್‌ಪೀಸ್ ಇರುತ್ತವೆ. ಇಪ್ಪತ್ತು ವರ್ಷದಿಂದ ಕೈಯಲ್ಲಿ ಹಿಡಿದದ್ದು ಅದೊಂದೇ. ಅದನ್ನು ಬಿಟ್ಟು ಓಣಿಯನ್ನೆಲ್ಲ ಹುಡುಕಿದ್ದೆ.

ಪುಡಿ ಸುರುವಿ ಮಧ್ಯಾಹ್ನದ ರೊಟ್ಟಿಯವರೆಗೆ ಕಾದೆವು. ಬ್ರಶ್ಶಿನಿಂದ ಕೊಡವಿ ಮತ್ತೆ ಸುರುವಿದೆ. ಕಪ್ಪು ನಿಧಾನಕ್ಕೆ ತಿಳಿಯಾಯಿತು. ಆಮೇಲೆ ಅಪ್ಪ ಡಬ್ಬಿಯ ಬಾಯಿಗೆ ಒಣಗಿ ಅಂಟಿದ್ದ ಹಳೆಯ ಸಲ್ಯೂಷನ್ನನ್ನು ಕೀಳಿಸಿ, ಅದನ್ನು ಗೋಲಿಯಂತೆ ಉಂಡೆ ಮಾಡಿಸಿದ.

"ಇದರಲೆ ತಿಕ್ಕು. ಮೆಲ್ಲಕ. ಹಸಿ ಅಂಟಿಗಿ ಕೈ ಹಚ್ಚಬಾರದು, ಒಣಗಾಕ ಬಿಡಬೇಕು. ಒಣಗಿದ ಮ್ಯಾಲ ಅಂಟು ಅಂಟಿನ ಕೂಡ ಎದ್ದು ಬರ್ತದ."

ತಿಕ್ಕಿದೆ. ರೊಟ್ಟಿ ತಟ್ಟಿದ ಮೇಲೆ ಅಂಗೈಯಿಂದ ಹಿಟ್ಟು ಉದುರಿದಂತೆ ಅಂಟು ಸಣ್ಣ ಸಣ್ಣ ಸುರುಳಿಯಾಗಿ ಎದ್ದು ಬಂತು. ಸೆರಗಿನ ಎಳೆಗಳೂ ಬಂದವು. ಯಾವ ಮಾಲಿಕ್ಯೂಲಿನ ಹೆಸರನ್ನೂ ಕರೆಯಬೇಕಾಗಲಿಲ್ಲ. ಜೋಳದ ತೆನೆಯ ಒಂದೊಂದು ಕಾಳೂ ಮತ್ತೆ ಕಂಡಿತು. ಅಪ್ಪ ಆಗಾಗ ಕೈ ಚಾಚಿ ಬೆರಳಿನಿಂದ ನೋಡಿ "ಇನ್ನಷ್ಟು ತಿಕ್ಕು" ಎನ್ನುತ್ತಿದ್ದ. ನಲವತ್ತೈದರ ನಾನು ಮೊದಲ ಬಾರಿಗೆ ಅವನ ಮುಂದೆ ಚರ್ಮ ಹಿಡಿದು ಕುಳಿತಿದ್ದೆ. ಅವನು ಬೇಡವೆನ್ನಲಿಲ್ಲ.

ಬಿಳಿ ಮಚ್ಚೆ ಮಾತ್ರ ಹೋಗಲಿಲ್ಲ. "ಹೋದ ಬಣ್ಣ ತಿಕ್ಕಿದ್ರ ಬರಂಗಿಲ್ಲ. ನಡೀಬೇಕು. ನಡದಂಗ ಬಿಸಲು ದೂಳು ಕೂಡಿ ತಾವ ಬಣ್ಣ ಹಚ್ತಾವ" ಎಂದ. ಅಟ್ಟೆಯನ್ನು ಉಸುಕಿನ ಕಾಗದದಿಂದ ಉಜ್ಜಿಸಿ, ಎರಡೂ ಕಡೆ ಸಲ್ಯೂಷನ್ ತೆಳ್ಳಗೆ ಬಳಿಸಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆಯೇ ಒತ್ತಲು ಹೇಳಿದ. ಒತ್ತಿದೆ. ಈ ಸಲ ಚಪ್ಪಲಿಗೇ ಅಂಟಿತು. ನನ್ನ ಹೆಬ್ಬೆರಳೂ ಸ್ವಲ್ಪ ಅಂಟಿತು, ಅದನ್ನು ಯಾರಿಗೂ ಹೇಳಲಿಲ್ಲ.

ಆ ತೃಪ್ತಿಯಲ್ಲಿ, ಇಷ್ಟು ವರ್ಷ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಕೇಳಿದೆ. ಸೋಮವಾರದ ನಾಲ್ಕು ಪುಟದ ಭಾಷಣಕ್ಕೂ ಒಂದು ಒಳ್ಳೆಯ ಸಾಲು ಬೇಕಿತ್ತು.

"ಅಪ್ಪ, ಅವತ್ತು ನನ್ನ ಯಾಕ ಸಾಲಿಗಿ ಹಚ್ಚಿದಿ? ನನ್ನ ಕಣ್ಣಾಗ ಏನ್ ಕಂಡಿ?"

ಅಪ್ಪ ಕಪ್ಪು ಕನ್ನಡಕ ನನ್ನ ಕಡೆ ತಿರುಗಿಸಿದ.

"ಕಣ್ಣು ಎಲ್ಲಿ ನೋಡ್ದೆ ಯವ್ವಾ, ನಿನ್ನ ಕೈ ನೋಡ್ದೆ."

"ಕೈ?"

"ಗಿರಾಕಿದು ಎರಡೂ ಚಪ್ಪಲಿ ತಗೊಂಡು ಒಂದಕ್ಕೊಂದು ಅಂಟಿಸಿ ಇಟ್ಟಿದ್ದಿ. ನಡುವ ನಿನ್ನ ಜಡಿ ರಿಬ್ಬನ್ನೂ ಸಿಕ್ಕಿತ್ತು. ರಿಬ್ಬನ್ ಕತ್ತರಿಸಿ ನಿನ್ನ ಬಿಡಿಸಿದೆ. ಈ ಕೈಗಿ ಈ ಕೆಲಸ ಕೊಟ್ರ ನಾಳಿ ಉಪವಾಸ ಸಾಯ್ತದ ಕೂಸು, ಓದಿಯಾದ್ರೂ ಹೊಟ್ಟಿ ಹೊರೀಲಿ ಅಂದ್ಕೊಂಡೆ. ಮಂದಿ ಮುಂದ ಹೆಂಗ ಹೇಳಬೇಕು? ಸುಮ್ನ ನಗ್ತಿದ್ದೆ." ಸ್ವಲ್ಪ ಹೊತ್ತು ಬಿಟ್ಟು, "ಛಲೋನ ಆತು ಬಿಡು. ಕಣ್ಣಿಗಿ ಔಷಧ ಹಾಕು" ಎಂದ.

ಔಷಧ ಹಾಕಿದೆ. ನಾನು ಹಾಕಿದ್ದು ಎರಡು ಹನಿ. ಕೆನ್ನೆಯ ಮೇಲೆ ಇಳಿದದ್ದು ಅದಕ್ಕಿಂತ ಜಾಸ್ತಿ. ಔಷಧವೇ ಇರಬೇಕೆಂದು ಇಬ್ಬರೂ ಒಪ್ಪಿಕೊಂಡೆವು.

ಸೋಮವಾರ ಆ ಚಪ್ಪಲಿ ಹಾಕಿಕೊಂಡೇ ಹೋದೆ. ಭಾಷಣದಲ್ಲಿ "ಬೆಳಕು" ಇದ್ದ ಪುಟವನ್ನು ಮನೆಯಲ್ಲೇ ಬಿಟ್ಟೆ. ಸ್ವಾಗತ, ಹೂವಿನ ಹಾರ ಎಲ್ಲ ಮುಗಿದು ಕುರ್ಚಿಯಲ್ಲಿ ಕುಳಿತಾಗ ಕನ್ನಡದ ಟೀಚರು ನನ್ನ ಕಾಲು ನೋಡಿ ನಿಂತರು.

"ಮೇಡಂ, ಎಷ್ಟ ಛಂದ ಅದಾವ್ರಿ. ಎಲ್ಲಿ ತಗೊಂಡ್ರಿ?"

ಸ್ಟಾಫ್ ರೂಮಿನವರೆಲ್ಲ ಅಲ್ಲೇ ಇದ್ದರು.

"ಅಂಗಡಿಯಾಗ ಅಲ್ರಿ. ನಮ್ಮಪ್ಪ ಸುರಪುರದಾಗ ಚಪ್ಪಲಿ ಹೊಲೀತಾನ. ಅವ ಮಾಡಿದ್ದು."

"ಹೌದೇನ್ರಿ! ತೆನಿ ಏನ್ ಹೊಲದಾರ. ಸುತ್ತ ಈ ಬಿಳೀ ಡಿಸೈನೂ ಅವರದ ಏನ್ರಿ?"

ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಅಲ್ರಿ. ಅದು ನಮ್ಮ ಬಿ.ಎಸ್ಸಿ. ಮಾಡಿದ್ದು."